ಅಂಗಡಿ ಮುಳುಗಿದಾಗ ‘ಐಪಿ’ ಹಾಕೋದು ಅಂದ್ರೆ ಏನು? ಹೆಂಡತಿ ಹೆಸರಿಗೆ ಬರೆದ್ರೆ ಸೈಟು ಉಳಿಯುತ್ತಾ?

ಪೇಟೆಯಲ್ಲಿ ಯಾರದಾದ್ರೂ ಅಂಗಡಿ ಶಟರ್ ನಾಲ್ಕು ದಿನ ಏಳದಿದ್ರೆ ಸಾಕು, ‘ಐಪಿ ಹಾಕ್ಬಿಟ್ನಂತೆ’ ಅನ್ನೋ ಮಾತು ಶುರು. ಐಪಿ ಅಂದ್ರೆ ಇನ್ಸಾಲ್ವೆನ್ಸಿ ಪಿಟಿಷನ್, ದಿವಾಳಿ ಅರ್ಜಿ. ಹಳಬರು ಪಾಪರ್ ಚೀಟಿ ಅಂತಾರೆ. ಆದರೆ ಅರ್ಜಿ ಕೊಟ್ಟ ಕೂಡಲೇ ಸಾಲ ಮಾಫಿ ಮಾಡೋ ಚೀಟಿ ಇದಲ್ಲ.

ಟಿವಿಯಲ್ಲಿ ಕೇಳೋ 2016ರ ದಿವಾಳಿ ಸಂಹಿತೆ (ಐಬಿಸಿ) ಸದ್ಯಕ್ಕೆ ಹೆಚ್ಚಾಗಿ ಕಂಪನಿಗಳದ್ದು. ಅದರಲ್ಲಿ ವ್ಯಕ್ತಿಗಳ ಭಾಗ, ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ 2019ರ ಡಿಸೆಂಬರ್ 1ರಿಂದ ಜಾರಿಯಾಗಿದೆ. ಕಿರಾಣಿ, ಬಟ್ಟೆ, ಗೊಬ್ಬರದ ಅಂಗಡಿ ಸ್ವಂತ ಹೆಸರಲ್ಲಿ ನಡೆಸೋರಿಗೆ ಇವತ್ತಿಗೂ ಬ್ರಿಟಿಷರ ಕಾಲದ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಅರ್ಜಿ ಜಿಲ್ಲಾ ನ್ಯಾಯಾಲಯಕ್ಕೆ, ಇಲ್ಲವೇ ಸರ್ಕಾರ ಅಧಿಕಾರ ಕೊಟ್ಟಿರೋ ಕೆಳಗಿನ ಕೋರ್ಟಿಗೆ ಹೋಗುತ್ತೆ.

ಸಾಲ ಮಾಡಿದವನೂ ಅರ್ಜಿ ಹಾಕಬಹುದು, ಸಾಲ ಕೊಟ್ಟವನೂ ಹಾಕಬಹುದು. ಕಾಯ್ದೆಯಲ್ಲಿ ಬರೆದಿರೋ ಕನಿಷ್ಠ ಸಾಲ 500 ರೂಪಾಯಿ! ಸಾಲಗಾರರಿಗೆ ಮುಖ ತಪ್ಪಿಸೋಕೆ ಅಂಗಡಿ ಮುಚ್ಚಿ ಊರು ಬಿಟ್ಟರೆ ಅದೇ ‘ದಿವಾಳಿ ಕೃತ್ಯ’. ಅಂಥದ್ದು ನಡೆದ 3 ತಿಂಗಳೊಳಗೆ ಕೊಟ್ಟವರು ಕೋರ್ಟಿಗೆ ಹೋಗಬೇಕು.

ಬಹಳ ಜನ ಎಡವೋದು ಇದಕ್ಕೂ ಮೊದಲು. ಮುಳುಗ್ತೀನಿ ಅನ್ನಿಸಿದ ತಕ್ಷಣ ಸೈಟನ್ನ ಹೆಂಡತಿಗೋ ತಮ್ಮನಿಗೋ ದಾನಪತ್ರ ಮಾಡಿಬಿಡ್ತಾರೆ. ಹಾಗೆ ಬರೆದ 2 ವರ್ಷದೊಳಗೆ ಅರ್ಜಿ ಬಿದ್ದು, ಅದರ ಮೇಲೆ ದಿವಾಳಿ ಅಂತ ಘೋಷಣೆಯಾದರೆ ಕೋರ್ಟ್ ಆ ಪತ್ರವನ್ನೇ ರದ್ದು ಮಾಡಬಹುದು. ನಿಜವಾಗಿ ದುಡ್ಡು ಕೊಟ್ಟು, ಪ್ರಾಮಾಣಿಕವಾಗಿ ಕೊಂಡವರಿಗೆ ಈ ಭಯ ಇಲ್ಲ. ಅರ್ಜಿಗೆ ಹಿಂದಿನ 3 ತಿಂಗಳಲ್ಲಿ ಭಾವಮೈದನ ಸಾಲ ಮಾತ್ರ ತೀರಿಸಿ ಉಳಿದವರಿಗೆ ಕೈ ಎತ್ತಿದ್ದರೂ ಅಷ್ಟೇ, ಬೇಕಂತಲೇ ಒಬ್ಬರಿಗೆ ಅನುಕೂಲ ಮಾಡಿದ್ದು ಅಂತ ಸಾಬೀತಾದರೆ ಅದೂ ನಿಲ್ಲಲ್ಲ.

ದಿವಾಳಿ ಘೋಷಣೆಯಾದ ಮೇಲೆ ಆಸ್ತಿ ಕೋರ್ಟ್ ಅಥವಾ ರಿಸೀವರ್ ಕೈಗೆ. ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ತಾಳಿ, ಕಸುಬಿನ ಸಲಕರಣೆ ಮುಟ್ಟುವಂತಿಲ್ಲ. ಮಾರಿ ಬಂದ ಹಣದಲ್ಲಿ ಸರ್ಕಾರದ ಬಾಕಿಗೂ ಕೆಲಸದ ಹುಡುಗರ ಸಂಬಳಕ್ಕೂ ಮೊದಲ ಸ್ಥಾನ. ಸಂಬಳಕ್ಕೆ 1920ರಲ್ಲಿ ಬರೆದ ಮಿತಿ ಮಾತ್ರ ತಲೆಗೆ 20 ರೂಪಾಯಿ, ಇವತ್ತು ಒಂದು ಊಟಕ್ಕೂ ಸಾಲಲ್ಲ.

ಅಡಮಾನ ಇಟ್ಟುಕೊಂಡ ಬ್ಯಾಂಕಿಗೆ ಐಪಿ ಅಡ್ಡ ಬರಲ್ಲ, ಅದು ತನ್ನ ಅಡಮಾನವನ್ನ ಮಾರಿಕೊಳ್ಳಬಹುದು. ಜಾಮೀನು ಹಾಕಿದ ಸ್ನೇಹಿತನೂ ಬಚಾವಾಗಲ್ಲ. ಅಂಗಡಿಯವನಿಗೆ ಬಿಡುಗಡೆ ಸಿಕ್ಕರೂ ಆತನ ಹೊಣೆ ಹಾಗೇ ಇರುತ್ತೆ.

ಬಿಡುಗಡೆ ಅಂದ್ರೆ ಡಿಸ್ಚಾರ್ಜ್. ಅದಕ್ಕೆ ಬೇರೆಯದೇ ಅರ್ಜಿ, ಕೋರ್ಟ್ ಕೊಟ್ಟ ಗಡುವಿನೊಳಗೆ ಹಾಕಬೇಕು. ಮರೆತು ಕೂತರೆ ದಿವಾಳಿ ಆದೇಶವೇ ರದ್ದಾಗಿ, ಸಾಲ ಕೊಟ್ಟವರು ಮತ್ತೆ ಬಾಗಿಲಿಗೆ ಬರ್ತಾರೆ.