ಸೇಡಿನ ಕಥೆ ಕನ್ನಡದಿಂದ ಮುಂಬಯಿಗೆ ಬಂದ ಬಗೆ

ಉಲ್ಹಾಸನಗರದ ನಮ್ಮಂಥ ಕನ್ನಡ ಮನೆಗಳಲ್ಲಿ ಚಲಚ್ಚಿತ್ರದ ಪ್ರಸ್ತಾಪ ಬಂದಾಗಲೆಲ್ಲ, "ಹಿಂದಿಯವರು ಮಾಡಿದ್ದನ್ನೇ ನಮ್ಮವರು ಕನ್ನಡಕ್ಕೆ ತಿರುಗಿಸುತ್ತಾರೆ" ಎಂಬ ಮಾತು ಕೇಳಿಬರದೆ ಇರುವುದಿಲ್ಲ. ಸಿಂಧಿ, ಮರಾಠಿ, ಹಿಂದಿಗಳ ನಡುವೆ ಬೆಳೆಯುವ ನಮ್ಮ ಮಕ್ಕಳು ಅದನ್ನು ನಿಜವೆಂದೇ ನಂಬುತ್ತಾರೆ. ಆದುದರಿಂದ ಕನ್ನಡದಿಂದ ಮುಂಬಯಿಗೆ ಬಂದ ಒಂದು ಸೇಡಿನ ಕಥೆಯನ್ನು ಈ ರಾಜ್ಯೋತ್ಸವದ ಸಂಚಿಕೆಯಲ್ಲಿ ನೆನೆಯುವುದು ಉಚಿತವೆಂದು ತೋರಿತು.

ಒಂದೇ ಕಥೆಯನ್ನು ಎರಡು ಸಲ ಚಿತ್ರಿಸುವುದು ಹಾಲಿವುಡ್ಡಿನಲ್ಲಿಯೂ ಹಳೆಯ ರೂಢಿಯೇ. 1926ರಲ್ಲಿ ನ್ಯೂಯಾರ್ಕಿನ ರಂಗಭೂಮಿಗೆ ಬಂದ ‘ಕಾಂಗೋ’ ಎಂಬ ನಾಟಕವನ್ನು ಎಂ.ಜಿ.ಎಂ. ಸಂಸ್ಥೆಯು 1928ರಲ್ಲಿ ‘ವೆಸ್ಟ್ ಆಫ್ ಜಾಂಜಿಬಾರ್’ ಎಂಬ ಮೂಕಚಿತ್ರವಾಗಿ ತೆಗೆಯಿತು. ಹೆಂಡತಿಯನ್ನೂ ಕಾಲುಗಳ ಬಲವನ್ನೂ ಕಳೆದುಕೊಂಡ ಜಾದುಗಾರನೊಬ್ಬ, ವೈರಿಯ ಮಗಳೆಂದು ಬಗೆದು ಒಂದು ಕೂಸನ್ನು ನರಕದಲ್ಲಿ ಬೆಳೆಯಿಸುತ್ತಾನೆ. ಅವಳು ತನ್ನದೇ ಮಗಳೆಂದು ಕೊನೆಗೆ ತಿಳಿಯುತ್ತದೆ. ಆ ಪಾತ್ರ ಲಾನ್ ಚೇನಿಯದು. ಚಿತ್ರಗಳು ಮಾತಾಡತೊಡಗಿದ ಮೇಲೆ ಅದೇ ಸಂಸ್ಥೆ 1932ರಲ್ಲಿ ನಾಟಕದ ಹೆಸರಿನಿಂದಲೇ ವಾಕ್ಚಿತ್ರ ತೆಗೆಯಿತು. ಚೇನಿ 1930ರಲ್ಲಿಯೇ ತೀರಿಕೊಂಡಿದ್ದ. ರಂಗದ ಮೇಲೆ ಆ ಪಾತ್ರವನ್ನು ಆಡಿದ್ದ ವಾಲ್ಟರ್ ಹ್ಯೂಸ್ಟನನೇ ತೆರೆಯ ಮೇಲೂ ಬಂದ.

ಅಲ್ಲಿ ಮೂಕಚಿತ್ರಕ್ಕೆ ಮಾತು ಬೇಕಾಗಿತ್ತು. ನಮ್ಮಲ್ಲಿ ಮಾತಿತ್ತು, ಅದರ ಭಾಷೆ ಬದಲಾಗಬೇಕಾಗಿತ್ತು.

‘ಅಂತ’ ಮೊದಲಿಗೆ ಎಚ್.ಕೆ. ಅನಂತರಾವ್ ಅವರ ಕಾದಂಬರಿ. ‘ಸುಧಾ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. 1981ರಲ್ಲಿ ಅದನ್ನು ತೆರೆಗೆ ತಂದವರು ಎಸ್.ವಿ. ರಾಜೇಂದ್ರಸಿಂಗ್ ಬಾಬು, ಮೈಸೂರಿನ ಮಹಾತ್ಮ ಪಿಕ್ಚರ್ಸಿನ ಡಿ. ಶಂಕರಸಿಂಗರ ಪುತ್ರರು. ಪ್ರಾಮಾಣಿಕ ಪೊಲೀಸ್ ಅಧಿಕಾರಿ ಸುಶೀಲಕುಮಾರನಿಗೂ ದುಷ್ಟ ಕನ್ವರ್‌ಲಾಲನಿಗೂ ಒಂದೇ ಮುಖ. ಆ ಮುಖದ ಬಲದಿಂದ ಅಧಿಕಾರಿ ಕಳ್ಳರ ಕೂಟವನ್ನು ಹೊಗುತ್ತಾನೆ. ಅಲ್ಲಿ ಕಾಣುವವರು ಸಮಾಜದ ಗಣ್ಯರು! ಗುಟ್ಟು ಬಯಲಾದ ಮೇಲೆ ಅವನ ಉಗುರುಗಳನ್ನು ಕೀಳುತ್ತಾರೆ, ಗರ್ಭಿಣಿ ಹೆಂಡತಿಯನ್ನು ಅವನ ಕಣ್ಣೆದುರಿಗೇ ಕೊಲ್ಲುತ್ತಾರೆ. ಈ ಕ್ರೌರ್ಯವನ್ನು ತೋರಿಸಬಹುದೇ ಎಂದು ಆಗ ದೊಡ್ಡ ವಿವಾದವೆದ್ದಿತು. ಸಣ್ಣಪುಟ್ಟ ಪಾತ್ರಗಳಿಂದ ಮೇಲೆ ಬಂದಿದ್ದ ಅಂಬರೀಷ್ ಎರಡೂ ಪಾತ್ರಗಳಲ್ಲಿ ನಟಿಸಿ ಜನರ ಮೆಚ್ಚಿನವರಾದರು. 1995ರಲ್ಲಿ ‘ಆಪರೇಷನ್ ಅಂತ’ ಎಂಬ ಮುಂದಿನ ಕಥೆಯೂ ಅದೇ ಜೋಡಿಯಿಂದ ಬಂದಿತು.

ಹಾಲಿವುಡ್ಡಿನ ಜಾದುಗಾರನ ಸೇಡು ತಪ್ಪು ವಿಳಾಸಕ್ಕೆ ಹೋಗಿ ಅವನನ್ನೇ ಸುಡುತ್ತದೆ. ಸುಶೀಲಕುಮಾರನ ಸೇಡಿಗೆ ವಿಳಾಸ ತಪ್ಪುವುದಿಲ್ಲ. ಅವನ ಎದುರಿಗಿರುವುದು ಒಬ್ಬ ವೈರಿಯಲ್ಲ, ಖಾದಿಯನ್ನೂ ಅಧಿಕಾರವನ್ನೂ ಮರೆಮಾಡಿಕೊಂಡ ಒಂದು ಗುಂಪು. ಜನ ಚಪ್ಪಾಳೆ ತಟ್ಟಿದ್ದು ಇದಕ್ಕೇ ಎಂದು ನನ್ನ ಊಹೆ. ಈ ಸಿಟ್ಟು ಕನ್ನಡನಾಡಿಗಷ್ಟೇ ಸೇರಿದ್ದಲ್ಲವಾದ್ದರಿಂದ ಮುಂಬಯಿಗೆ ಅದು ಕೂಡಲೇ ಬೇಕಾಯಿತು.

ಅದೇ 1981ರಲ್ಲಿ ‘ಮೇರಿ ಆವಾಜ್ ಸುನೋ’ ಬಂದಿತು. ನಿರ್ದೇಶಕರು ಬಾಬು ಅವರೇ. ದ್ವಿಪಾತ್ರದಲ್ಲಿ ಜಿತೇಂದ್ರ, ಜೊತೆಗೆ ಹೇಮಾಮಾಲಿನಿ, ಪರ್ವೀನ್ ಬಾಬಿ. ಸಂಭಾಷಣೆಗೆ ಕಾದರ್ ಖಾನರಿಗೆ ಫಿಲಂಫೇರ್ ಪ್ರಶಸ್ತಿ ದೊರೆಯಿತು. ಕುಣಿತಕ್ಕೆ ಹೆಸರಾದ ಜಿತೇಂದ್ರರಲ್ಲಿ ಅಂಬರೀಷರ ಆ ಒರಟು ಗತ್ತು ನನಗೆ ಕಾಣಲಿಲ್ಲ, ಪಕ್ಷಪಾತವೆಂದರೂ ಎನ್ನಿ.

ಜಮೆಯನ್ನು ಸರಿಯಾದ ಖಾತೆಗೆ ಹಾಕುವುದೇ ನನ್ನ ಉದ್ಯೋಗವಾದ್ದರಿಂದ, ಈ ಕಥೆಯ ಜಮೆ ವಾರಪತ್ರಿಕೆಯ ಕಾದಂಬರಿಕಾರರ ಹೆಸರಿಗೆ ಬರೆಯತಕ್ಕದ್ದೆಂದು ವಾದಿಸುತ್ತಿರುತ್ತೇನೆ. ನಮ್ಮ ನೆರೆಯ ಸಿಂಧಿ ಹಿರಿಯರೊಬ್ಬರು ಆ ಹಿಂದಿ ಚಿತ್ರವನ್ನು ಬಿಡುಗಡೆಯಾದ ಕಾಲದಲ್ಲಿಯೇ ನೋಡಿದವರು. ಅದು ನಮ್ಮ ಭಾಷೆಯದೆಂದು ಹೇಳಿದಾಗ ಅವರು ನಂಬಲೇ ಇಲ್ಲ. ಒಂದು ಭಾನುವಾರ ಕರೆದು ಕೂಡಿಸಿ ‘ಅಂತ’ ತೋರಿಸಿದೆ. ಮಾತು ತಿಳಿಯದಿದ್ದರೂ ಕಡೆಯವರೆಗೆ ಕುಳಿತಿದ್ದರು. ಏಳುವಾಗ ಕೇಳಿದ್ದು ಒಂದೇ: "ಆ ನಟನ ಹೆಸರೇನೆಂದಿರಿ?"