ಹಿಂದಿನ ಸಾಲಿನವರು

ನಮ್ಮ ಖಜೂರಿಯ ಮದುವೆ ಮೆರವಣಿಗೆಯಲ್ಲಿ ಹಾಡು ಎತ್ತುವುದು ಕ್ಲಾರಿನೆಟ್. ಹಿಂದಿನ ಸಾಲಿನಿಂದ ಕೆಳದನಿ ಕೊಟ್ಟು ಅದನ್ನು ಆಧರಿಸುವುದು ಹಿತ್ತಾಳೆಯ ಯೂಫೋನಿಯಂ. ಇದರ ದೊಡ್ಡಣ್ಣ ಟ್ಯೂಬಾ 1835ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿತು. ಈ ಕುಲದ ವಾದ್ಯಗಳು ಬ್ರಿಟಿಷ್ ಪಲ್ಟನ್ನುಗಳ ಸಂಗಡ ನಮ್ಮ ದೇಶಕ್ಕೆ ಬಂದು, ಮದುವೆಮನೆಗೂ ಇಳಿದವು.

1973ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಹಾರ್ವಿ ಫಿಲಿಪ್ಸ್ ಎಂಬ ವಾದಕರು ಮೊದಲ ಅಂತರರಾಷ್ಟ್ರೀಯ ಟ್ಯೂಬಾ ಸಮ್ಮೇಳನ ನಡೆಸಿದರು. ಹಿಂದೆ ಕೂಡುತ್ತಿದ್ದವರು ಅಂದು ಮುಂದೆ ಬಂದರು. ಈಗ ಆ ಸಮ್ಮೇಳನಗಳು ಯೂಫೋನಿಯಂನವರವೂ ಹೌದು.

ಇದನ್ನು ಓದಿದಾಗ ನನ್ನ ಮದುವೆ ನೆನಪಾಯಿತು. ಬ್ಯಾಂಡಿನವರು ಎಲ್ಲರ ಊಟವಾದ ಮೇಲೆ ಅಂಗಳದಲ್ಲಿ ಉಂಡಿದ್ದರು. ನಾನು ನೋಡಿಯೂ ಸುಮ್ಮನಿದ್ದೆ. ಮಗಳ ಮದುವೆಯಲ್ಲಿ ಅವರನ್ನು ಮೊದಲ ಪಂಕ್ತಿಗೇ ಕೂಡಿಸಿದೆ. ಬೀಗರು ಮುಖ ಮುಖ ನೋಡಿಕೊಂಡರು. ಯೂಫೋನಿಯಂ ಊದುವ ಅಜ್ಜ ಹೋಳಿಗೆ ಮುಟ್ಟುವ ಮೊದಲು ಮೆಲ್ಲಗೆ ಕೇಳಿದ: “ಅಕ್ಕೋರ, ನಮಗ ತಪ್ಪಿ ಕುಂದರ್ಸೀರೇನ್ರಿ?”