ಜೆಪ್ಪುವಿನ ಆವೆಮಣ್ಣು, ನಾಡಿನ ಮಾಡು

ಕರಾವಳಿಯ ಮಳೆಗಾಲವನ್ನು ಕಂಡವರಿಗೆ ಮಾಡಿನ ಬೆಲೆ ಗೊತ್ತು. ಒಂದು ಕಾಲದಲ್ಲಿ ಅಲ್ಲಿನ ಬಡವರ ಮನೆಗೆ ಮುಳಿಹುಲ್ಲೋ ತೆಂಗಿನ ಮಡಲೋ ಹೊದಿಕೆ. ಅದನ್ನು ಮತ್ತೆ ಮತ್ತೆ ಕಿತ್ತು ಹೊಸದಾಗಿ ಹೊದಿಸಬೇಕು. ಬೇಸಗೆಯಲ್ಲಿ ಒಂದು ಕಿಡಿ ಬಿದ್ದರೆ ಕೇರಿಗೆ ಕೇರಿಯೇ ಬೂದಿ. ಕುಂಬಾರರು ಮಾಡುತ್ತಿದ್ದ ನಾಡಹಂಚು ಇತ್ತು, ನಿಜ. ಆದರೆ ಅದನ್ನು ಒಂದರ ಮೇಲೊಂದು ಒತ್ತಾಗಿ ಜೋಡಿಸಬೇಕಾದ್ದರಿಂದ ಭಾರವೂ ಹೆಚ್ಚು, ಮಂಗಗಳು ಹತ್ತಿದರೆ ಕದಲುವುದೂ ಹೆಚ್ಚು.

ಈ ಸ್ಥಿತಿಯನ್ನು ಬದಲಿಸಿದ್ದು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಆರಂಭವಾದ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ. 1834ರಲ್ಲಿ ಮಂಗಳೂರಿಗೆ ಬಂದ ಮಿಶನ್ನಿಗೆ ಒಂದು ಕಷ್ಟ ಎದುರಾಗಿತ್ತು. ಮತಾಂತರಗೊಂಡವರಲ್ಲಿ ಹಲವರು ಜಾತಿಯಿಂದ ಹೊರಬಿದ್ದು, ಕುಲಕಸುಬನ್ನೂ ಗೇಣಿಭೂಮಿಯನ್ನೂ ಕಳೆದುಕೊಂಡಿದ್ದರು. ಅವರಿಗೆ ಉದ್ಯೋಗ ಬೇಕಿತ್ತು. ಮುದ್ರಣಾಲಯ ಬಂತು, ನೇಯ್ಗೆ ಬಂತು. ಕೊನೆಗೆ ನೇತ್ರಾವತಿಯ ದಡದ ಆವೆಮಣ್ಣೇ ಕೈಹಿಡಿಯಿತು. ಆ ಮಣ್ಣಿನ ಗುಣವನ್ನು ಪರೀಕ್ಷಿಸಿ ಕಾರ್ಖಾನೆ ಕಟ್ಟಿದಾತ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಶನರಿ.

ಒಂದಕ್ಕೊಂದು ಕೊಂಡಿಯಂತೆ ಕೂಡುವ ಹಂಚು ಆತನ ಕಲ್ಪನೆಯಲ್ಲ. ಫ್ರಾನ್ಸಿನ ಜಿಲಾರ್ದೋನಿ ಸಹೋದರರು 1841ರಲ್ಲೇ ಅದಕ್ಕೆ ಹಕ್ಕುಪತ್ರ ಪಡೆದಿದ್ದರು. ಹಂಚಿನ ಅಂಚಿನಲ್ಲಿರುವ ಕಾಲುವೆಯಲ್ಲಿ ನೀರು ಇಳಿದುಹೋಗುತ್ತದೆ. ಹಿಂಬದಿಯ ಗುಬ್ಬಿ ರೀಪನ್ನು ಹಿಡಿದುಕೊಳ್ಳುತ್ತದೆ. ಮಣ್ಣನ್ನು ಹದಮಾಡಿ, ಅಚ್ಚಿನಲ್ಲಿ ಒತ್ತಿ, ನೆರಳಲ್ಲಿ ಒಣಗಿಸಿ, ಆವಿಗೆಯಲ್ಲಿ ಸುಟ್ಟರೆ ಮಂಗಳೂರು ಹಂಚು ಸಿದ್ಧ. ಮಾಡಿನ ಹಂಚಿನೊಂದಿಗೆ ನೆಲಕ್ಕೆ ಹಾಸುವ ಹಂಚುಗಳೂ ಇಟ್ಟಿಗೆಗಳೂ ಇಂತಹ ಕಾರ್ಖಾನೆಗಳಿಂದ ಹೊರಟವು.

ಮುಂದೆ ಮಿಶನ್ ಕುದ್ರೋಳಿ, ಮಲ್ಪೆ, ಕೇರಳದ ಫೆರೋಕ್ ಮೊದಲಾದೆಡೆ ಕಾರ್ಖಾನೆಗಳನ್ನು ತೆರೆಯಿತು. ಊರಿನ ಉದ್ಯಮಿಗಳೂ ಹಿಂದೆ ಬೀಳಲಿಲ್ಲ. ಹೊಳೆಯ ದಡಗಳಲ್ಲಿ ಚಿಮಣಿಗಳ ಸಾಲೇ ಎದ್ದಿತು. ಹಳೆಯ ಬಂದರಿನಿಂದ ಹಂಚು ಹಡಗನ್ನೇರಿತು. 1907ರಲ್ಲಿ ರೈಲು ಬಂದ ಮೇಲೆ ಒಳನಾಡಿನ ದಾರಿಯೂ ತೆರೆಯಿತು. ಶಾಲೆ, ಆಸ್ಪತ್ರೆ, ಕಚೇರಿ, ರೈಲು ನಿಲ್ದಾಣ — ಎಲ್ಲೆಲ್ಲೂ ಅದೇ ಕೆಂಪು ಮಾಡು. 1914ರ ಮಹಾಯುದ್ಧವು ಈ ಉದ್ಯಮದ ಒಡೆತನವನ್ನೇ ಬದಲಿಸಿತು. ಜರ್ಮನರು ಸೆರೆಯಾದರು, ಮಿಶನ್ನಿನ ಕಾರ್ಖಾನೆಗಳು 1919ರಲ್ಲಿ ಸ್ಥಾಪಿತವಾದ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಒಡೆಯರು ಬದಲಾದರು, ಮಣ್ಣು ಹೊತ್ತವರು ಬದಲಾಗಲಿಲ್ಲ.

ಈ ಲೆಕ್ಕದಲ್ಲಿ ಖರ್ಚಿನ ಬದಿಯನ್ನೂ ನೋಡಬೇಕು. ಆವಿಗೆಯ ಹಸಿವಿಗೆ ಕಾಡಿನ ಕಟ್ಟಿಗೆ ಬೇಕಿತ್ತು. ಮಣ್ಣು ತೆಗೆದ ಗದ್ದೆಗಳು ಹೊಂಡಗಳಾದವು. ಅನ್ನ ಕೊಟ್ಟ ಧಣಿಯೇ ಧರ್ಮದ ಹಿರಿಯನೂ ಆದಾಗ ಕೂಲಿಯಾಳಿಗೆ ಎದುರು ಮಾತಾಡುವುದು ಸುಲಭವಾಗಿರಲಿಲ್ಲ. ಹೀಗಿದ್ದರೂ, ಜಾತಿಯು ಕಸುಬನ್ನು ಗೊತ್ತುಮಾಡುತ್ತಿದ್ದ ಕಾಲದಲ್ಲಿ ಹೆಂಗಸರೂ ಗಂಡಸರೂ ದಿನಗೂಲಿ ಪಡೆದ ಜಾಗ ಅದು ಎಂಬುದನ್ನು ಮರೆಯುವಂತಿಲ್ಲ.

ಕಾಂಕ್ರೀಟು ಬಂದ ಮೇಲೆ ಅನೇಕ ಚಿಮಣಿಗಳು ತಣ್ಣಗಾಗಿವೆ. ಆದರೂ ಕರಾವಳಿಯಲ್ಲಿ ತಾರಸಿ ಸೋರಿದಾಗ ಜನ ಅದರ ಮೇಲೆ ಮತ್ತೊಂದು ಇಳಿಜಾರು ಮಾಡನ್ನು ಕಟ್ಟಿಸುತ್ತಾರೆ. ಮಳೆ ಅಂದು ಕಲಿಸಿದ ಪಾಠವನ್ನೇ ಇಂದೂ ಕಲಿಸುತ್ತಿದೆ.